ಈಜುಕೊಳದ ಬಾಗಿಲಲ್ಲಿ ಮೀಸೆ

ನನ್ನವಳಿಗೆ,

ಬದುಕಿದ್ದೇನೆ, ಗಾಬರಿಯಾಗಬೇಡ. ಈ ಊರಿನ ಬಿಸಿಲಿಗೆ ನಾವು ಬಡಗಿಗಳು ಮಲಗುವ ತಗಡಿನ ಕೋಣೆ ಕಾದ ಬಾಣಲೆಯಾಗಿದೆ. ಊರವರೆಲ್ಲ ಸಾರ್ವಜನಿಕ ಈಜುಕೊಳದಲ್ಲಿ ಎಮ್ಮೆಗಳ ಹಾಗೆ ಕುತ್ತಿಗೆವರೆಗೆ ಮುಳುಗಿ ಕೂರುತ್ತಾರೆ. ನಿನ್ನೆ ನಾನೂ ತಲೆಗೆ ರಬ್ಬರ್ ಟೋಪಿ ಹಾಕಿಕೊಂಡು ಹೋದೆ. ಬಾಗಿಲಲ್ಲಿದ್ದ ಕಾವಲುಗಾರ ನನ್ನ ಮೀಸೆಯನ್ನೇ ದುರುಗುಟ್ಟಿ ನೋಡಿದ.

“ಇದಕ್ಕೆಲ್ಲಿ ಟೋಪಿ? ಒಂದು ಕೂದಲೂ ನೀರಿಗೆ ಬೀಳಬಾರದು.”

“ಇದು ಉದುರೋ ಮೀಸೆ ಅಲ್ಲಪ್ಪ. ಬೇಕಾದ್ರೆ ಎಳೆದು ನೋಡು!” ಎಂದು ಜಂಬದಿಂದ ಮುಖ ಚಾಚಿದೆ.

ಪುಣ್ಯಾತ್ಮ ನಿಜವಾಗಿಯೂ ಎಳೆದ. ಎರಡು ಕೂದಲು ಅವನ ಬೆರಳಿಗೇ ಬಂದವು! ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಒಳಗಿನಿಂದ ನೀರಿನ ಸದ್ದು ಬೇರೆ ಕೇಳುತ್ತಿತ್ತು, ಎಷ್ಟೆಂದು ತಡೆದುಕೊಳ್ಳಲಿ? ಪಕ್ಕದಲ್ಲೇ ಕ್ಷೌರದಂಗಡಿ ಇತ್ತು. ಅದು ಕಾವಲುಗಾರನ ಭಾವಮೈದುನನದು ಎಂದು ಆಮೇಲೆ ತಿಳಿಯಿತು.

ಆದರೂ ಆ ನೀರಿನ ತಂಪು ಏನು ಹೇಳಲಿ! ಕತ್ತಲಾಗುವವರೆಗೆ ಎದ್ದು ಬರಲಿಲ್ಲ. ಬೆವರುಸಾಲೆ ಪೂರ್ತಿ ಹೋಗಿದೆ, ಪೌಡರ್ ಕಳಿಸಬೇಡ. ಭಾನುವಾರದ ಬಸ್ಸಿಗೆ ಬರುತ್ತೇನೆ. ಬೋಳು ಮೂತಿಯವನೊಬ್ಬ ಬಸ್ಸಿಳಿದು ನಿನ್ನನ್ನು ನೋಡಿ ಹಲ್ಲು ಕಿರಿದರೆ ದಯವಿಟ್ಟು ಚಪ್ಪಲಿಗೆ ಕೈ ಹಾಕಬೇಡ.

ಅವಸರದಲ್ಲಿ,
ನಿನ್ನ ಗಂಡ