ಕಾರ್ಡು ಹಾಕುವ ಫೋನು

ಕುಂಬಾರವಾಡ ಪೋಸ್ಟು
೧೪-೯-೨೦೦೯

ನನ್ನ ಯಜಮಾನರಿಗೆ, ಸುಮನ ಕೈಮುಗಿದು ಬರೆಯುವುದು.

ವಾಸ್ಕೋದಿಂದ ನಿಮ್ಮ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡಿ. ನಾಲ್ಕನೇ ಇಯತ್ತೆ ಓದಿದವಳು ನಾನು. ಮೂರು ಸಲ ಬರೆದು ಹರಿದೆ.

ನಾನು ಎದ್ದು ಓಡಾಡುತ್ತಿದ್ದೇನೆ. ಗದ್ದೆಯ ಕಳೆ ಮುಗಿಯಿತು. ಎದೆಹಾಲು ಇನ್ನೂ ನಿಂತಿಲ್ಲ. ಹಾಲು ಬತ್ತಲೆಂದು ಅತ್ತೆ ದಿನಾ ಎದೆಗೆ ಮಲ್ಲಿಗೆ ಹೂವು ಕಟ್ಟುತ್ತಾರೆ.

ಆ ದಿನ ಏನಾಯಿತೆಂದು ಕೇಳಿದ್ದೀರಿ. ಬೆಳಿಗ್ಗೆ ನೋವು ಬಂತು. ಕುಂಬಾರವಾಡದ ಬಾಬಾಜಿಯ ಬಾಡಿಗೆ ಜೀಪು ಕರೆಯಲು ಅತ್ತೆ ನಾನು ದಾಂಡೇಲಿಯಿಂದ ತಂದ ಹೊಸ ಫೋನು ಹಿಡಿದು ಕೊಟ್ಟಿಗೆಗೆ ಹೋದರು. ಹಳೆಯದು ಅಲ್ಲಿಯ ಕಂಬಕ್ಕೆ ತೂಗುಹಾಕಿದರೆ ಸಿಗ್ನಲ್ ಹಿಡಿಯುತ್ತಿತ್ತಲ್ಲ, ಇದನ್ನೂ ಹಾಗೆಯೇ ಚೀಲದಲ್ಲಿಟ್ಟು ತೂಗುಹಾಕಿದರು. "ತಡಿಯವ್ವಾ, ಹೊಸಾದು, ಇದಕ್ಕೂ ಜಾಗಾ ರೂಢಿ ಆಗಬೇಕು" ಎಂದರು. ಒಂದು ತಾಸು ಕಾದರು. ಕಡೆಗೆ ಮಳೆಯಲ್ಲೇ ಕುಂಬಾರವಾಡಕ್ಕೆ ನಡೆದರು. ಜೀಪು ಬಂದಾಗ ಮಧ್ಯಾಹ್ನ. ದಾಂಡೇಲಿ ಮುಟ್ಟುವ ಮೊದಲೇ ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ. "ಒಂದು ತಾಸು ಮದಲ ಬಂದಿದ್ರ..." ಎಂದರು ಆಸ್ಪತ್ರೆಯ ನರ್ಸಬಾಯಿ.

ದಾಂಡೇಲಿಯ ಫೋನಿನಂಗಡಿಯ ಮಾಲತೇಶನ ಕೈ ಮುರಿಯುತ್ತೇನೆ, ಅದಕ್ಕೇ ಬರುತ್ತೇನೆ ಎಂದು ಬರೆದಿದ್ದೀರಿ. ಬೇಡ. ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂಬ ಸ್ಕೀಮು ಅವನದಲ್ಲ. ನಮ್ಮ ಹಳೆಯದರಂಥ ಸಿಮ್ ಕಾರ್ಡಿಲ್ಲದ ಫೋನುಗಳ ಕಾಲ ಮುಗಿಯಿತಂತೆ, ಅದರ ನೆಟ್‌ವರ್ಕೇ ಬೇರೆಯಂತೆ, ಇನ್ನು ತ್ರೀಜಿ ಬಂದರೆ ಮಾತಾಡುವವರ ಮುಖ ಕಾಣುತ್ತದಂತೆ. ನೀವೂ "ಹೊಸಾದು ತಗೋ, ಕೂಸಿನ ಮಾರಿ ಗೋವಾದಾಗ ಕುಂತ ನೋಡ್ತೇನಿ" ಎಂದು ನಗುತ್ತಿದ್ದಿರಿ. ಅದನ್ನು ನೆನೆದು ನಿಮ್ಮನ್ನು ಬೈದುಕೊಳ್ಳಬೇಡಿ.

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಸುಮನ

ತಾ.ಕ.: ಫೋನು ಕೊಡುವ ಮೊದಲು ಮಾಲತೇಶ ಕೇಳಿದ್ದ. "ಅಕ್ಕಾರ, ಇದರ ಟವರು ದಾಂಡೇಲಿಗೆ ಐತ್ರಿ. ನಿಮ್ಮ ಕೇರ್ಯಾಗ ಹಿಡಿತೈತೇನು? ಕೇಳ್ಕೊಂಡ ಬಂದ ಆಮ್ಯಾಲ ತಗೋರಿ" ಎಂದಿದ್ದ. ಪಕ್ಕದ ಗಿರಾಕಿಯೊಬ್ಬ, "ಅಡವ್ಯಾಗ ಯಾರಿಗಿ ಫೋನ ಹಚ್ಚತಾಳಪಾ, ಮಂಗ್ಯಾಗೇನು?" ಎಂದ. ಎಲ್ಲರೂ ನಕ್ಕು ನನ್ನ ಕಪ್ಪು ಮುಖ, ನಮ್ಮ ಜನರ ಈ ಗುಂಗುರು ಕೂದಲು ನೋಡಿದರು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಅಲ್ಲಿಂದ ಹೊರಗೆ ಬಿದ್ದರೆ ಸಾಕಾಗಿತ್ತು. ಹಿಡಿಯುತ್ತದೆ ಎಂದು ತಲೆಯಾಡಿಸಿದೆ.

ಮನೆಯಲ್ಲಿ ಹಿಡಿಯಲಿಲ್ಲ. ಅತ್ತೆ ಹೊಸ ಫೋನು ಬಂತೆಂದು ನಾಲ್ಕು ಮಂದಿಗೆ ಹೇಳಿ ಹಿಗ್ಗುತ್ತಿದ್ದರು. ಹೇಗೆ ಹೇಳಲಿ? ಕೊಟ್ಟಿಗೆಗೆ ಹೋಗಿ ಸುಮ್ಮನೆ ಕಿವಿಗೆ ಹಿಡಿದು ಬರುತ್ತಿದ್ದೆ. ನಿಮ್ಮೊಡನೆ ಮಾತಾಡಿದೆ ಎನ್ನುತ್ತಿದ್ದೆ. ಒಂಬತ್ತು ದಿನ ಹೀಗೆ. ಅದನ್ನು ನಂಬಿ ಅವರು ಅಷ್ಟು ಹೊತ್ತು ಕಾದರು. ನೋವಿನಲ್ಲಿಯೂ ನಾನು ಬಾಯಿ ಬಿಡಲಿಲ್ಲ.

ಅತ್ತೆಗೆ ಇನ್ನೂ ಹೇಳಿಲ್ಲ. "ನನ್ನ ಕಾಲು ಬಿರುಸು ಇದ್ದಿದ್ರ ಕೂಸು ಉಳಿತಿತ್ತು" ಎಂದು ದಿನಾ ತಮ್ಮ ಕಾಲಿಗೆ ತಾವೇ ಹೊಡೆದುಕೊಳ್ಳುತ್ತಾರೆ. ನಾನು ಎದುರಿಗೆ ಕೂತು ನೋಡುತ್ತೇನೆ.