ಕೋಳಿಗೂಡಿನ ಉಸಿರು

ಮಂಗಳೂರಿನಲ್ಲಿ ಮುಖ ಕೆಳಗೆ ಮಾಡಿ ಮಲಗಿರುವ ಗೆಳೆಯ ಜೂಲಿಯನ್‌ಗೆ, ಜಬಲ್ ಅಖ್ದರ್ ಬೆಟ್ಟದ ಮೇಲಿಂದ ಚನ್ನಪ್ಪನ ನಮಸ್ಕಾರಗಳು.

ಕಣ್ಣಿನ ಪರದೆಯ ಆಪರೇಷನ್ ಆಗಿ ಮುಖ ಎತ್ತಬಾರದವನಿಗೆ ಪತ್ರ ಬರೆದರೆ ಓದುವವರು ಯಾರು? ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ, ನಿನ್ನ ಮನೆಯಾಕೆ ಶೆರ್ಲಿನ್ ವೈನಿ ಅದನ್ನು ನಿನ್ನ ಕಿವಿಯ ಹತ್ತಿರ ಇಟ್ಟು ಕೇಳಿಸಲಿ. ನಾನು ಮಾತು ಹಿಡಿದರೆ ಬಿಡುವವನಲ್ಲ ಎಂದು ನಿನಗೆ ಗೊತ್ತು. ಎಂದಿನಂತೆ ನಡುವೆ ಎದ್ದು ಹೋಗಲು ಈಗ ನಿನಗೆ ದಾರಿಯೂ ಇಲ್ಲ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವಾರ ನೀನು ಫೋನಿನಲ್ಲಿ, "ಕೋಳಿ ಆರೂ ಉಂಟಲ್ಲ ಮಾರಾಯ?" ಎಂದು ಕೇಳಿದೆ. "ಅದಾವೋ, ಆರಾಮ ಅದಾವ" ಎಂದೆ. ಸುಳ್ಳು ಹೇಳಿದೆ. ಐದೇ ಇದ್ದವು. ನಿನ್ನ ಶಾಲೆಯ ಟೀಚರರ ಹೆಸರಿಟ್ಟಿದ್ದೆಯಲ್ಲ, ಬಿಳಿ ಕೋಳಿ ಇಸಾಬೆಲ್ಲಾ, ಅವಳು ಹೋಗಿ ಆಗಲೇ ಎರಡು ದಿನವಾಗಿತ್ತು. ಅವಳನ್ನು ನರಿ ಹಿಡಿಯಲಿಲ್ಲ, ಚಳಿಯೂ ಕೊಲ್ಲಲಿಲ್ಲ. ಕೊಂದವನು ನಾನು.

ನಮ್ಮ ಹುನಗುಂದದ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಐವತ್ತು ವರ್ಷ ಕೋಳಿಯ ರೆಕ್ಕೆ ಮುಟ್ಟದ ನನ್ನ ಕೈಗೆ, ನೀನು ಅವಸರದಲ್ಲಿ ಊರಿಗೆ ಹೊರಟ ದಿನ, ಒಂದು ಕೋಳಿಯನ್ನೇ ಕೊಟ್ಟೆ. "ಕುತ್ತಿಗೆಯಲ್ಲಿ ಲಿಂಗ, ಕೈಯಲ್ಲಿ ಕೋಳಿ. ನಿನ್ನನ್ನು ಯಾವ ಮಠಕ್ಕೆ ಸೇರಿಸುವುದು?" ಎಂದು ನೀನು ನಕ್ಕೆ. ಒಂದು ಕಣ್ಣಿಗೆ ಆಗಲೇ ಕತ್ತಲೆ ಕವಿದಿದ್ದವನು ನಗುತ್ತಿದ್ದೆ. ಕಾರಿನಲ್ಲಿ ಕೂತ ಮೇಲೆ ಮಾತ್ರ, "ಚಳಿ ಬರ್ತದೆ ಚನ್ನಪ್ಪ, ಗೂಡು ಒಂಚೂರು ನೋಡಿಕೋ" ಎಂದೆ. ಆ ಒಂಚೂರನ್ನು ನಾನು ಅತಿ ಮಾಡಿಬಿಟ್ಟೆ.

ನನಗಿದು ಬೆಟ್ಟದ ಮೇಲಿನ ಮೊದಲ ಚಳಿಗಾಲ. ಇಪ್ಪತ್ತೆರಡು ವರ್ಷ ಕೆಳಗಿನ ಪಟ್ಟಣದ ವಾದಿ ಕಬೀರ್‌ನ ಬಿಸಿಲಿನಲ್ಲಿ ಏಸಿ ರಿಪೇರಿ ಮಾಡಿ, ಈಗ ಈ ರೆಸಾರ್ಟಿನ ಕೆಲಸಕ್ಕೆ ಬಂದವನು ನಾನು. ನಮ್ಮ ಕೆಲಸದಲ್ಲಿ ಗಾಳಿ ಸೋರುವುದಕ್ಕಿಂತ ದೊಡ್ಡ ಅಪರಾಧ ಇಲ್ಲ. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಅಂಗಳದ ಬಕೆಟ್ಟಿನ ನೀರು ಹೆಪ್ಪುಗಟ್ಟಿ ಗಾಜಾಗಿತ್ತು. ರೆಸಾರ್ಟಿನ ಸ್ಟೋರಿನಲ್ಲಿ ಉಳಿದಿದ್ದ ಏಸಿ ಡಕ್ಟಿಗೆ ಸುತ್ತುವ ಕಪ್ಪು ಫೋಮ್, ಸಿಲ್ವರ್ ಟೇಪು, ಸಿಲಿಕಾನ್ ಎಲ್ಲ ಕೇಳಿ ತಂದೆ. ಗೂಡಿನ ಹಲಗೆಯ ಸಂದುಗಳನ್ನೆಲ್ಲ ತುಂಬಿದೆ. ಚಾವಣಿಯ ಕೆಳಗೆ ನೀನು ಜಾಲರಿ ಹಾಕಿ ಬಿಟ್ಟಿದ್ದ ಎರಡು ಕಿಂಡಿ ಮಾತ್ರ ಉಳಿದಿದ್ದವು.

ಅಷ್ಟರಲ್ಲಿ ಪಕ್ಕದ ದಾಳಿಂಬೆ ತೋಟದ ಆದಂ ಚಾಚಾ ಗೋಡೆಯ ಆಚೆಯಿಂದ ಕೈ ಮೇಲೆತ್ತಿ, "ಹವಾ ಫೋಕ್, ಸದೀಕ್. ಹವಾ ಫೋಕ್" ಎಂದರು. ಸದೀಕ್ ಎಂದರೆ ಗೆಳೆಯ, ಫೋಕ್ ಎಂದರೆ ಮೇಲೆ. ಹವಾ ನನಗೇನು ಹೊಸದೇ? ಹಿಂದಿಯಲ್ಲೂ ಹವಾ, ಅರಬಿಯಲ್ಲೂ ಹವಾ, ನಮ್ಮೂರಿನ ಪುಢಾರಿಗಳದ್ದೂ ಹವಾ. ಮೇಲಿಂದ ಗಾಳಿ ನುಗ್ಗುತ್ತಿದೆ, ಅದನ್ನೂ ಮುಚ್ಚು ಎನ್ನುತ್ತಿದ್ದಾರೆಂದು ತಿಳಿದೆ. "ಶುಕ್ರನ್ ಚಾಚಾ" ಎಂದು ಉಪಕಾರ ನೆನೆದು, ಏಣಿ ಹತ್ತಿ ಎರಡೂ ಕಿಂಡಿಗಳನ್ನು ಟೇಪು ಹಚ್ಚಿ ಮುಚ್ಚಿದೆ. ಚಾಚಾ ಅಷ್ಟರಲ್ಲಿ ಆಡುಗಳ ಹಿಂದೆ ಹೋಗಿಬಿಟ್ಟಿದ್ದರು.

ಒಂಬತ್ತು ದಿನ ಹೆಮ್ಮೆಪಟ್ಟೆ. ಬೆಳಗ್ಗೆ ಬಾಗಿಲು ತೆರೆದರೆ ಒಳಗೆ ಬೆಚ್ಚಗಿರುತ್ತಿತ್ತು. ಗೋಡೆ ಬೆವರುತ್ತಿತ್ತು, ಕಣ್ಣು ಉರಿಯುತ್ತಿತ್ತು, ಇಸಾಬೆಲ್ಲಾ ಗೊರಗೊರ ಎನ್ನುತ್ತಿದ್ದಳು. ಹೊಸ ಫೋಮಿನ ವಾಸನೆ ಇರಬೇಕು ಅಂದುಕೊಂಡೆ. ಹತ್ತನೆಯ ಬೆಳಗ್ಗೆ ಅವಳು ಕೂರುವ ಪೈಪಿನ ಕೆಳಗೆ ಸತ್ತು ಬಿದ್ದಿದ್ದಳು. ಹುಂಜನ ಜುಟ್ಟಿನ ತುದಿ ಕಪ್ಪಾಗಿತ್ತು.

ಚಾಚಾರನ್ನು ಕರೆತಂದೆ. ಅವರು ತಲೆ ಒಳಗೆ ಹಾಕಿದವರೇ ಕಣ್ಣೊರೆಸಿಕೊಳ್ಳುತ್ತ ಹಿಂದೆ ಸರಿದರು. ಚಾವಣಿಯ ಒಳಮೈಯನ್ನು ಅಂಗೈಯಿಂದ ಸವರಿ, ಆ ಒದ್ದೆ ಕೈಯನ್ನು ನನ್ನ ಕೆನ್ನೆಗೆ ಒತ್ತಿದರು. ತಣ್ಣಗೆ ಕೊರೆಯಿತು.

"ಠಂಡಾ ನಹೀ ಮಾರಾ," ಎಂದರು. "ಪಾನಿ ಮಾರಾ." ಚಳಿಯಲ್ಲ, ನೀರು ಕೊಂದಿತಂತೆ.

ನೀರು ಎಲ್ಲಿಂದ ಬಂತು, ಒಂದು ತೊಟ್ಟೂ ಚೆಲ್ಲಿಲ್ಲ ಎಂದೆ. ಅವರು ಕೋಳಿಗಳ ಕಡೆ ಕೈ ತೋರಿಸಿ, ಬಾಯಿ ತೆರೆದು ಹಾ ಎಂದು ಉಸಿರು ಬಿಟ್ಟು ತೋರಿಸಿದರು. ಜೂಲಿಯನ್, ಆಗ ಅರ್ಥವಾಯಿತು. ಒಂದು ಗೋಡೆಯನ್ನೇ ತೋಯಿಸುವಷ್ಟು ನೀರು ಆ ಆರು ಪುಟ್ಟ ಎದೆಗಳಿಂದ ಬಂದಿತ್ತು. ಅದು ಮೇಲೆ ಹೊರಗೆ ಹೋಗಬೇಕಿತ್ತು. ಚಾಚಾ ಹೇಳಿದ್ದು ಅದನ್ನೇ. ನಾನು ಅವುಗಳ ಉಸಿರನ್ನು ಅವುಗಳ ಮೇಲೆಯೇ ಸುರಿಸಿದ್ದೆ.

ಅವತ್ತೇ ಕಿಂಡಿ ಬಿಚ್ಚಿದೆ. ಕೋಳಿಗಳು ಕೂರುವ ಮಟ್ಟದಲ್ಲಿ ಗಾಳಿ ಬಡಿಯದಂತೆ ಕೆಳಗಿನ ಫೋಮ್ ಮಾತ್ರ ಉಳಿಸಿದೆ. ನೆಲಕ್ಕೆ ಗೇಣುದ್ದ ಒಣ ಹುಲ್ಲು ಹಾಕಿದೆ. ಅವು ಕೂರುತ್ತಿದ್ದ ದುಂಡನೆಯ ಪೈಪು ತೆಗೆದು ಚಾಚಾ ಅಗಲ ಹಲಗೆ ಹೊಡೆದರು, ಕಾಲ್ಬೆರಳುಗಳ ಮೇಲೆ ಹೊಟ್ಟೆ ಹಾಕಿ ಬೆಚ್ಚಗೆ ಕೂರಲೆಂದು. ಹೀಟರ್ ಹಾಕಲೇ ಎಂದು ಕೇಳಿದರೆ, ಕೋಳಿಗೆ ಕೇಳು ಎಂಬಂತೆ ನಕ್ಕರು.

ಕೇಳಿದೆ. ನಿನ್ನೆ ಬೆಳಗ್ಗೆ ಹೊರಗೆ ಮೈನಸ್ ಎರಡು, ಗೂಡಿನೊಳಗೆ ಒಂದೇ ಡಿಗ್ರಿ. ಎಲ್ಲವೂ ಸತ್ತಿರುತ್ತವೆಂದುಕೊಂಡು, ಏಸಿ ಕೆಲಸದ ಥರ್ಮಾಮೀಟರಿನ ತಂತಿಯನ್ನು ಕಂದು ಹೇಂಟೆಯ ರೆಕ್ಕೆಯಡಿ ಸೇರಿಸಿದೆ. ನಲವತ್ತು! ಮೀಟರು ಕೆಟ್ಟಿದೆಯೆಂದು ಕೈಯನ್ನೇ ಒಳಗೆ ತೂರಿಸಿದೆ. ಆಗ ತಾನೇ ಒಲೆಯಿಂದ ಇಳಿಸಿದ ರೊಟ್ಟಿಯ ಮಡಿಕೆಯೊಳಗೆ ಬೆರಳಿಟ್ಟಂತೆ. ಅವಳು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು. ಎಷ್ಟೋ ಬಂಗಲೆಗಳಿಗೆ ಟನ್‌ಗಟ್ಟಲೆ ಯಂತ್ರ ಕೂರಿಸಿದವನು ನಾನು. ಹಿಡಿ ಜೋಳ ತಿಂದು ಮಂಜಿನ ನಡುವೆ ಇಷ್ಟು ಬೆಂಕಿ ಹೊತ್ತಿಸಿಕೊಂಡು, ಸದ್ದಿಲ್ಲದೆ ನಿದ್ದೆ ಮಾಡುವ ಯಂತ್ರವನ್ನು ನಾನು ಕಂಡಿರಲಿಲ್ಲ. ಕೈ ತೆಗೆಯಲು ಮನಸ್ಸಾಗದೆ ಬಹಳ ಹೊತ್ತು ಹಾಗೇ ನಿಂತೆ.

ಇಸಾಬೆಲ್ಲಾಳಲ್ಲೂ ಈ ಬೆಂಕಿ ಇತ್ತು. ನನಗೆ ಗೊತ್ತಿರಲಿಲ್ಲ. ಕ್ಷಮಿಸು ಎನ್ನುವುದಿಲ್ಲ. ಡಾಕ್ಟರು ಬೆಟ್ಟ ಹತ್ತಲು ಬಿಟ್ಟ ದಿನ ನೀನೇ ಬಂದು ಎದುರಿಗೆ ಬೈಯಬೇಕು. ಅಲ್ಲಿಯವರೆಗೆ ಐದಕ್ಕೆ ಐದನ್ನೂ ಉಳಿಸಿಕೊಂಡಿರುತ್ತೇನೆ. ಫೋನಿನಲ್ಲಿ ಇನ್ನೊಮ್ಮೆ ಸುಳ್ಳು ಹೇಳುವುದಿಲ್ಲ.

ಈಗ ಗೂಡಿನ ಮುಂದೆಯೇ ನಿಂತಿದ್ದೇನೆ. ಸೂರ್ಯ ಈಗಷ್ಟೇ ಆಚೆ ಗುಡ್ಡ ದಾಟಿ ಮೇಲೆ ಬಂದ. ಮೇಲಿನ ಕಿಂಡಿಯಿಂದ ತೆಳ್ಳನೆಯ ಬಿಳಿ ಹಬೆ ಏಳುತ್ತಿದೆ, ಬೆಳಕು ತಾಗಿದಲ್ಲಿ ಹೊಳೆದು ಮಾಯವಾಗುತ್ತಿದೆ. ಐದು ಜೀವಗಳ ಉಸಿರು, ಜೂಲಿಯನ್. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಇದನ್ನು ನೋಡುವುದಕ್ಕಾದರೂ ನಿನ್ನ ಕಣ್ಣು ಉಳಿಯಲಿ. ನಿನ್ನ ದೇವರಿಗೂ ನನ್ನ ಬಸವಣ್ಣನಿಗೂ ಇದೊಂದೇ ಬೇಡಿಕೆ ಇಟ್ಟಿದ್ದೇನೆ.

ಇಂತಿ ನಿನ್ನ,
ಚನ್ನಪ್ಪ