ನನಗೆ ಕೇಳಿಸದ ಸಿಳ್ಳೆ

ಕಾಸಲ್‌ಮೇನ್,
ಭಾನುವಾರ

ಪ್ರೀತಿಯ ರೊವೀನಾ,

ನಿನ್ನ ಅಮ್ಮನ ಮಂಡಿ ನೋವು ಇಳಿದಿದೆ ಎಂದು ತಿಳಿದು ಸಮಾಧಾನವಾಯಿತು.

ನಿನ್ನೆ ಊರಿನ ಹಾಲ್‌ನಲ್ಲಿ ಗಿಟಾರ್ ನುಡಿಸಿದೆ. ಗಿಟಾರಿನ ದನಿ ಬದಲಿಸುವ ನನ್ನ ಅಗ್ಗದ ಪೆಡಲ್‌ಗಳು ನಿನಗೆ ಗೊತ್ತಲ್ಲ. ಒಂದು ಸಾಲು ನುಡಿಸಿ ಕಾಲಿನಿಂದ ಒತ್ತಿದರೆ ಅವುಗಳಲ್ಲೊಂದಾದ ಲೂಪರ್ ಅದನ್ನೇ ಸುತ್ತಿ ಸುತ್ತಿ ಹಾಡುತ್ತದೆ. ಅದರ ಮೇಲೆ ಇನ್ನೊಂದು ಸಾಲು ಹಾಸುತ್ತ ಹೋಗುತ್ತೇನೆ. ಮುಗಿದ ಮೇಲೆ ಪಕ್ಕದ ಮನೆಯ ನೆವ್ ಬಂದ. “ಮುದುಕಾ, ಕೊನೇಲಿ ಸಣ್ಣಗೆ ಒಂದು ಸಿಳ್ಳೆ ಏರ್ತಾ ಬಂತಲ್ಲ, ಅದು ಚೆನ್ನಾಗಿತ್ತು ಕಣೋ. ಉಳಿದಿದ್ದಕ್ಕೆಲ್ಲ ನಿದ್ದೆ ಬಂತು” ಎಂದ. ಅವನ ಹೆಂಡತಿಯೂ ಹೌದೆಂದು ತಲೆಯಾಡಿಸಿದಳು.

ನಾನು ಸಿಳ್ಳೆಯಂಥದ್ದೇನೂ ನುಡಿಸಿರಲಿಲ್ಲ.

ಮನೆಗೆ ಬಂದ ಮೇಲೆ ಹೊಳೆಯಿತು. ಎಲ್ಲ ಪೆಡಲ್‌ಗಳಿಗೂ ಒಂದೇ ಅಡಾಪ್ಟರಿನಿಂದ ಕರೆಂಟು ಕೊಟ್ಟಿದ್ದೇನೆ. ಹಾಗೆ ಮಾಡಿದರೆ ಅವು ಕೀರಲು ದನಿ ಹೊರಡಿಸುತ್ತವೆ, ಪ್ರತಿ ಸಾಲಿನ ಜೊತೆಗೂ ಲೂಪರ್ ಅದನ್ನು ಸೇರಿಸಿಕೊಳ್ಳುತ್ತದೆ. ಮತ್ತೆ ಎಲ್ಲ ಜೋಡಿಸಿ ಸ್ಪೀಕರಿಗೆ ಕಿವಿಯಿಟ್ಟು ಕೂತೆ. ಏನೂ ಕೇಳಿಸಲಿಲ್ಲ. ನಾಯಿ ಮಾತ್ರ ಎದ್ದು ಹೊರಗೆ ಹೋಯಿತು.

ಮುಂದಿನ ಶನಿವಾರವೂ ನುಡಿಸಲು ಒಪ್ಪಿಕೊಂಡಿದ್ದೇನೆ. ನೀನು ಬಂದು ನನ್ನ ಪಕ್ಕ ಕೂರುತ್ತೀಯಾ? ಆ ದನಿ ಶುರುವಾದಾಗ ಭುಜ ಮುಟ್ಟು, ಸಾಕು. ಇನ್ನು ನುಡಿಸುವುದು ಬೇಡ ಎನ್ನಿಸಿದರೆ ಅದನ್ನೂ ನೀನೇ ಹೇಳು. ನೆವ್ ಬಾಯಿಂದ ಕೇಳುವುದು ನನಗಿಷ್ಟವಿಲ್ಲ. ನನ್ನ ಕಿವಿಯ ವಿಷಯ ನಿನ್ನ ಅಮ್ಮನಿಗೆ ಸದ್ಯಕ್ಕೆ ತಿಳಿಸಬೇಡ.

ಆ ಸಿಳ್ಳೆ ನಿಜಕ್ಕೂ ಚೆನ್ನಾಗಿದ್ದರೆ ತೆಗೆಯುವುದಿಲ್ಲ, ಇರಲಿ. ಹೇಗಿದೆ ಎಂದು ಮಾತ್ರ ನನಗೆ ಬಿಡಿಸಿ ಹೇಳಬೇಕು.

ನಿನ್ನ ದಾರಿ ಕಾಯುತ್ತಿರುವ ಮಾವ,
ಕ್ಲೆಮ್